ಉಪಗೂಹನವೂ ಲೆಕ್ಕದ ಪುಸ್ತಕವೂ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಐದನೆಯದಾದ ಉಪಗೂಹನದಷ್ಟು ದುರುಪಯೋಗಕ್ಕೆ ಒಳಗಾದುದು ಮತ್ತೊಂದಿಲ್ಲ. ಬಸದಿಯ ಆಡಳಿತ ಮಂಡಳಿಯಲ್ಲಿ ಯಾರಾದರೂ ಲೆಕ್ಕದ ಬಗ್ಗೆ ಒಂದು ಪ್ರಶ್ನೆ ಎತ್ತಿದರೆ ಸಾಕು, ‘ಸಾಧರ್ಮಿಯ ದೋಷವನ್ನು ಮುಚ್ಚುವುದು ಶ್ರಾವಕನ ಕರ್ತವ್ಯವಲ್ಲವೆ?’ ಎಂದು ಹಿರಿಯರೊಬ್ಬರು ನುಡಿಯುತ್ತಾರೆ; ಪ್ರಶ್ನೆ ಅಲ್ಲಿಗೇ ಅಡಗುತ್ತದೆ. ಇದಕ್ಕೆ ವಿರುದ್ಧವಾದ ರೂಢಿಯೂ ಉಂಟು. ವರ್ಷವಿಡೀ ಬಾಯಿ ಬಿಡದವರು ವಾರ್ಷಿಕ ಸಭೆಯಂದು, ತುಂಬಿದ ಜನರೆದುರು, ತಪ್ಪನ್ನು ಬಿಚ್ಚಿ ಹರಡುತ್ತಾರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ನಿದರ್ಶನವಾಗಿ ಹೆಸರಿಸಿದುದು ಜಿನೇಂದ್ರಭಕ್ತನೆಂಬ ಶ್ರೇಷ್ಠಿಯನ್ನು. ಕಥೆ ಸರ್ವವಿದಿತವಾದುದೇ. ಕ್ಷುಲ್ಲಕ ವೇಷದ ಕಳ್ಳನು ಶ್ರೇಷ್ಠಿಯ ಚೈತ್ಯಾಲಯದಿಂದ ರತ್ನವನ್ನು ಕದ್ದು ಓಡುವಾಗ ಕಾವಲುಗಾರರು ಬೆನ್ನಟ್ಟಿದರು. ಶ್ರೇಷ್ಠಿಯು, ತನ್ನ ಮಾತಿನಂತೆಯೇ ಆತ ಅದನ್ನು ತಂದನೆಂದು ಹೇಳಿ ಅವರನ್ನು ಕಳುಹಿಸಿದನು. ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಹೆಚ್ಚು. ಆದರೆ ರತ್ನ ಚೈತ್ಯಾಲಯಕ್ಕೆ ಮರಳಿತು. ಕಳ್ಳನನ್ನು ಶ್ರೇಷ್ಠಿ ಏಕಾಂತದಲ್ಲಿ ದಂಡಿಸಿ ನುಡಿದು ಹೊರಗಟ್ಟಿದನು. ಮುಚ್ಚಿದ್ದು ಮಾರ್ಗಕ್ಕೆ ಬರಬಹುದಾಗಿದ್ದ ಅಪವಾದವನ್ನು, ನಷ್ಟವನ್ನಲ್ಲ. (ಶ್ರೇಷ್ಠಿ ಸುಳ್ಳು ಹೇಳಿದನಲ್ಲವೆ ಎಂದು ಮಕ್ಕಳು ಕೇಳುವುದುಂಟು. ಪರರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯಬಾರದೆಂದು ಅದೇ ಗ್ರಂಥ ಸತ್ಯಾಣುವ್ರತವನ್ನು ವಿವರಿಸುತ್ತದೆ. ಮಕ್ಕಳಿಗೆ ಇದರಿಂದ ಪೂರ್ಣ ಸಮಾಧಾನವಾಗುವುದಿಲ್ಲ, ಆಗದಿರುವುದೂ ಒಳ್ಳೆಯದೇ.)

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವ ಸೂತ್ರವನ್ನು ವ್ಯಾಪಾರಸ್ಥರು ಗಮನವಿಟ್ಟು ಓದಬೇಕು. ಪರರ ಗುಟ್ಟನ್ನು ಬಯಲು ಮಾಡುವ ರಹೋಭ್ಯಾಖ್ಯಾನವೂ, ಸುಳ್ಳು ಪತ್ರ ಬರೆಯುವ ಕೂಟಲೇಖಕ್ರಿಯೆಯೂ, ಇಟ್ಟ ಠೇವಣಿಯನ್ನು ನುಂಗುವ ನ್ಯಾಸಾಪಹಾರವೂ ಅಲ್ಲಿ ಒಂದೇ ಸಾಲಿನಲ್ಲಿವೆ. ದೋಷವನ್ನು ಬೀದಿಗೆ ಎಳೆಯುವವನೂ ಪುಸ್ತಕದಲ್ಲಿ ಮರೆಮಾಚುವವನೂ ಒಂದೇ ವ್ರತವನ್ನು ಕೆಡಿಸುತ್ತಾರೆ.

ಒಂದು ಊರಿನ ಬಸದಿಯಲ್ಲಿ ನಡೆದ ಪ್ರಸಂಗ ಹೀಗಿದೆ. ವರ್ಷಾಂತ್ಯದಲ್ಲಿ ತಾಳೆ ನೋಡಿದಾಗ ಕಾಣಿಕೆಯ ರಸೀದಿಗಳಿಗೂ ರೋಕಡ ಪುಸ್ತಕಕ್ಕೂ ಏಳು ಸಾವಿರ ರೂಪಾಯಿಯ ವ್ಯತ್ಯಾಸ ಬಂದಿತು. ಖಜಾಂಚಿಯವರು ಹದಿನೆಂಟು ವರ್ಷ ಸಂಬಳವಿಲ್ಲದೆ ದುಡಿದ ವೃದ್ಧರು. ಲೆಕ್ಕ ನೋಡಿದ ತರುಣ ಸಭೆಯಲ್ಲಿ ಎದ್ದು ಅಂಕೆಯನ್ನು ಓದಿದನು, ಅಂಕೆಯಲ್ಲಿ ತಪ್ಪಿರಲಿಲ್ಲ. ‘ಹದಿನೆಂಟು ವರ್ಷ ಮಾಡಿದವನಿಗೆ ಈ ಮಾತೆ?’ ಎಂದು ವೃದ್ಧರು ಕೀಲಿಕೈಗೊಂಚಲನ್ನು ಮೇಜಿನ ಮೇಲಿಟ್ಟು ಹೊರನಡೆದರು. ವಾರದ ಬಳಿಕ ನೋಡಿದರೆ, ಮಾರ್ಚ್ ಕೊನೆಯ ರಸೀದಿಗಳ ಹಣ ಏಪ್ರಿಲ್ ಪುಟದಲ್ಲಿ ಜಮೆಯಾಗಿತ್ತು. ತರುಣ ಮನೆಗೆ ಹೋಗಿ ಕಾಲಿಗೆರಗಿದರೂ ಅವರು ಬಸದಿಯ ಲೆಕ್ಕವನ್ನು ಮತ್ತೆ ಮುಟ್ಟಲಿಲ್ಲ. ಸಭೆಯ ಹಿಂದಿನ ಸಂಜೆ ಆತ ಪುಸ್ತಕವನ್ನು ಹಿಡಿದು ಅದೇ ಮನೆಗೆ ಹೋಗಿದ್ದರೆ ಇಬ್ಬರೂ ಕೂಡಿ ಅರ್ಧ ಗಂಟೆಯಲ್ಲಿ ಅದನ್ನು ಹುಡುಕಿ, ತಿದ್ದುಪಡಿಯ ಜಮಾ-ಖರ್ಚು ಬರೆದು, ಮರುದಿನ ಸಭೆಗೆ ಅದನ್ನೇ ಓದಿ ಹೇಳಬಹುದಿತ್ತು.

ಹಾಗೆಂದು ಎಲ್ಲ ಭಾರವನ್ನೂ ತರುಣನ ಮೇಲೆ ಹೊರಿಸುವುದು ನ್ಯಾಯವಲ್ಲ. ಶಿವಾರ್ಯರ ಭಗವತೀ ಆರಾಧನೆಯು (ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದುದು) ಗುರುವಿನೆದುರು ದೋಷ ನಿವೇದಿಸುವ ಆಲೋಚನೆಗೆ ಹತ್ತು ದೋಷಗಳನ್ನು ಹೇಳುತ್ತದೆ. ಮೊದಲನೆಯದು ಆಕಂಪಿತ: ಸೇವೆಯಿಂದಲೋ ಉಪಕರಣಗಳನ್ನು ಕೊಟ್ಟೋ ಗುರುವಿನ ಮನ ಕರಗಿಸಿ ಆಮೇಲೆ ದೋಷ ಹೇಳುವುದು. ಖಜಾಂಚಿಯವರ ಉತ್ತರ ಇದಕ್ಕೆ ದೂರವಾದುದಲ್ಲ. ಕೇಳಿದ್ದು ಏಳು ಸಾವಿರದ ಲೆಕ್ಕ, ಕೊಟ್ಟದ್ದು ಹದಿನೆಂಟು ವರ್ಷದ ಸೇವೆ. ‘ಪುಸ್ತಕ ತನ್ನಿ, ನೋಡೋಣ’ ಎಂಬ ಎರಡು ಮಾತು ಸಾಕಿತ್ತು. ಪರರ ಕಣ್ಣಿಗೆ ಬಿದ್ದಷ್ಟನ್ನೇ ಒಪ್ಪಿಕೊಳ್ಳುವುದು, ತನ್ನಂಥದೇ ದೋಷವುಳ್ಳವನ ಬಳಿ ಹೋಗಿ ನಿವೇದಿಸುವುದು ಮುಂತಾದ ಉಳಿದವೂ ಅಂಗಡಿ, ಮನೆ, ಟ್ರಸ್ಟ್‌ಗಳಲ್ಲಿ ದಿನವೂ ಕಾಣತಕ್ಕವೇ.

ದೋಷವನ್ನು ಕೇಳಿಸಿಕೊಳ್ಳುವ ಆಚಾರ್ಯನಿಗೂ ಅದೇ ಗ್ರಂಥ ಕೆಲವು ಗುಣಗಳನ್ನು ವಿಧಿಸುತ್ತದೆ. ಅವುಗಳಲ್ಲಿ ಒಂದು ಅಪರಿಸ್ರಾವಿತ್ವ. ಕಾದ ಕಬ್ಬಿಣ ಹೀರಿದ ನೀರು ಹೊರಗೆ ಬಾರದಂತೆ, ಹೇಳಿದ ದೋಷ ಅವನಿಂದ ಹೊರಗೆ ಸೋರಬಾರದು. ಬಸದಿಗಳು ಲೆಕ್ಕ ತಪಾಸಕರನ್ನು ಗೊತ್ತುಮಾಡುವಾಗ ಪದವಿಯನ್ನು ವಿಚಾರಿಸುತ್ತವೆ, ಶುಲ್ಕವನ್ನು ಚೌಕಾಸಿ ಮಾಡುತ್ತವೆ. ಈ ಗುಣ ಉಂಟೇ ಎಂದು ಕೇಳಿದ ಮಂಡಳಿ ಅಪರೂಪ.