ಹಾಡಿನ ಪೆಟ್ಟಿಗೆಯೋ, ಮೊಬೈಲೋ?

ಕಳೆದ ತಿಂಗಳು ಮೂಡಲಗಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ, "ಸರ, ನಮ್ಮವ್ವಗ ಹಾಡ ಕೇಳಾಕ ಏನರ ಕೊಡಸಬೇಕಂತ ಮಾಡೇನ್ರಿ. ಮೊಬೈಲ ಛಲೋನೋ, ಹಾಡಿನ ಪೆಟಗಿ ಛಲೋನೋ? ನೀವ ಹೇಳ್ರಿ" ಎಂದು ಕೇಳಿದ. ಧ್ವನಿಯ ಪಾಠವನ್ನು ನನ್ನಿಂದಲೇ ಕೇಳಿದವನು. ಆದ್ದರಿಂದ ಈ ಪ್ರಶ್ನೆಯನ್ನೂ ನನಗೇ ಹಾಕಿದನೆಂದು ತೋರುತ್ತದೆ. ಎರಡರ ಗುಣವಿಶೇಷಗಳನ್ನೂ ಅಂಗಡಿಯವನ ಬಾಯಿಂದ ಕೇಳಿ ಪಟ್ಟಿ ಮಾಡಿಕೊಂಡಿದ್ದ. ಇದರಲ್ಲಿ ಇಷ್ಟು ಜಿಬಿ, ಅದರಲ್ಲಿ ಇಷ್ಟು ಸಾವಿರ ಹಾಡು, ಇದರ ಬ್ಯಾಟರಿ ಇಷ್ಟು ತಾಸು ಎಂದು ಓದುತ್ತಾ ಹೋದ. ಕೇಳುತ್ತಾ ಮೊದಲು ನಗು ಬಂತು, ಆಮೇಲೆ ಹಳೆಯ ನೆನಪೊಂದು ಬಂದು ನಗು ನಿಂತಿತು. "ನಾಲ್ಕು ದಿನ ಬಿಟ್ಟು ಹೇಳುತ್ತೇನಪ್ಪಾ" ಎಂದೆ. ಅವನೊಬ್ಬನಿಗೆ ಹೇಳಬೇಕಾದುದನ್ನು ನಿಮಗೆಲ್ಲರಿಗೂ ಹೇಳಿದರೆ ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಬಂದ ಮೊದಲ ಹಾಡಿನ ಪೆಟ್ಟಿಗೆ ರೇಡಿಯೊ. ಆಗ ನಮ್ಮೂರು ಗೋಕಾಕ ತಾಲ್ಲೂಕಿನಲ್ಲಿತ್ತು. ಈಗ ಮೂಡಲಗಿಯೇ ಒಂದು ತಾಲ್ಲೂಕು. ರೇಡಿಯೊ ಇಟ್ಟುಕೊಳ್ಳಲು ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕಾಗಿತ್ತೆಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ನಮಗೆ ರೇಡಿಯೊ ಎಂದರೆ ಧಾರವಾಡ. 1950ರ ಜನವರಿ 8ರಂದು ಆರಂಭವಾದ ಆ ನಿಲಯದ ಮಧ್ಯಮ ತರಂಗ 765 ಕಿಲೋಹರ್ಟ್ಸ್. ಮಧ್ಯಮ ತರಂಗಗಳು ನೆಲವನ್ನು ಹಿಡಿದು ಬಹುದೂರ ಸಾಗುತ್ತವೆ. ಗುಡ್ಡ ಅಡ್ಡ ಬಂದರೂ ಅಷ್ಟಾಗಿ ಲೆಕ್ಕಿಸುವುದಿಲ್ಲ. ಟ್ರಾನ್ಸಿಸ್ಟರಿನೊಳಗೆ ತಂತಿ ಸುತ್ತಿದ ಕರಿಯ ಫೆರೈಟ್ ಕಡ್ಡಿಯೊಂದಿರುತ್ತದೆ, ಅದೇ ಅದರ ಆಂಟೆನಾ. ಸ್ವರ ಕ್ಷೀಣಿಸಿದರೆ ಅಪ್ಪ ಪೆಟ್ಟಿಗೆಯನ್ನೇ ಸ್ವಲ್ಪ ತಿರುಗಿಸಿ ಇಡುತ್ತಿದ್ದರು. ಮುಂದೆ ಮೊಬೈಲುಗಳಲ್ಲಿಯೂ ರೇಡಿಯೊ ಬಂದಿತೆಂದು ನಾವು ಹಿಗ್ಗಿದೆವು. ಆದರೆ ಅದು ಎಫ್.ಎಂ. ಮಾತ್ರ. ಎಫ್.ಎಂ. ತರಂಗಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರಕ್ಕೇ ಸಾಗುವಂಥವು; ಮೇಲಾಗಿ ಕಿವಿಗೆ ಹಾಕುವ ತಂತಿಯೇ ಆಂಟೆನಾ ಆದ್ದರಿಂದ ಅದನ್ನು ಸಿಕ್ಕಿಸದೆ ಕೇಳುವಂತಿರಲಿಲ್ಲ. ಅಪ್ಪನ ಸಾಧಾರಣ ಟ್ರಾನ್ಸಿಸ್ಟರು ಹಿಡಿಯುತ್ತಿದ್ದ ಧಾರವಾಡದ ಆ ಹಳೆಯ ತರಂಗವನ್ನು ನನ್ನ ಮೊಬೈಲು ಹಿಡಿಯಲಾರದೆ ಹೋಯಿತು. ಹೊಸದು ಹಳೆಯದರ ಎಲ್ಲ ಗುಣಗಳನ್ನೂ ತರುವುದಿಲ್ಲವೆಂಬುದಕ್ಕೆ ಇದು ಮೊದಲ ಉದಾಹರಣೆ.

ನಾನು ಬಿ.ಎಡ್. ಮುಗಿಸಿ ಹುಕ್ಕೇರಿ ತಾಲ್ಲೂಕಿನಲ್ಲಿ ನೌಕರಿಗೆ ಸೇರಿದ್ದು 1980ರ ದಶಕದಲ್ಲಿ. 1969ರಲ್ಲಿಯೇ ಸ್ಥಾಪನೆಯಾಗಿದ್ದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ದೆಸೆಯಿಂದ ನನ್ನ ಬಾಡಿಗೆ ಕೋಣೆಯಲ್ಲಿ ವಿದ್ಯುತ್ತಿತ್ತು. ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಹಣ ತೆತ್ತು ಒಂದು ಟೂ ಇನ್ ಒನ್ ಕೊಂಡೆ. ರೇಡಿಯೊ ಒಂದು, ಟೇಪ್‌ರೆಕಾರ್ಡರ್ ಇನ್ನೊಂದು. ಆದ್ದರಿಂದ ಆ ಹೆಸರು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟು ಆ ವೇಳೆಗೆ ನಮ್ಮ ಸಂತೆಗಳಿಗೂ ಬಂದು ತಲುಪಿತ್ತು. ಸಿ-60 ಎಂದರೆ ಬದಿಗೆ ಮೂವತ್ತು ನಿಮಿಷ, ಸಿ-90 ಎಂದರೆ ನಲವತ್ತೈದು. ಹೆಚ್ಚು ಹೊತ್ತು ನುಡಿಯುವುದೇ ಮೇಲೆಂದು ಎಲ್ಲರೂ ಸಿ-90 ಕೇಳುತ್ತಿದ್ದರು; ಆದರೆ ಅಷ್ಟೇ ಪೆಟ್ಟಿಗೆಯೊಳಗೆ ಹೆಚ್ಚು ಉದ್ದದ ಟೇಪು ಹಿಡಿಸಬೇಕಾದರೆ ಅದು ತೆಳುವಾಗಲೇಬೇಕು, ತೆಳುವಾದುದು ಬೇಗ ಸಿಕ್ಕಿಕೊಳ್ಳುತ್ತಿತ್ತು. ಆಗ ಬಾಲ್‌ಪೆನ್ನನ್ನು ತೂತಿಗೆ ತೂರಿಸಿ ಸುತ್ತುವುದು ನಮ್ಮ ಕಾಲದ ದುರಸ್ತಿ.

ಆ ಯಂತ್ರದಲ್ಲಿ ಕೆಂಪು ಚುಕ್ಕೆಯ ಗುಂಡಿಯೊಂದಿತ್ತು, ಧ್ವನಿಯನ್ನು ಹಿಡಿದಿಡುವ ಗುಂಡಿ. 1984ರ ದೀಪಾವಳಿಯ ರಜೆಯಲ್ಲಿ ಯಂತ್ರವನ್ನು ಊರಿಗೆ ಒಯ್ದೆ. ನಸುಕಿನಲ್ಲಿ ಅವ್ವ ಜೋಳ ಬೀಸುತ್ತಾ ಹಾಡುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಹಾಡು ಎಷ್ಟು ಬರುತ್ತಿದ್ದವೆಂಬುದನ್ನು ಯಾರೂ ಎಣಿಸಿರಲಿಲ್ಲ. ಹೊಸ ಸಿ-60 ಕ್ಯಾಸೆಟ್ಟು ಹಾಕಿ, ದಪ್ಪ ಸೆಲ್ಲುಗಳನ್ನು ತುಂಬಿ, ಬೀಸುವ ಕಲ್ಲಿನ ಪಕ್ಕದಲ್ಲಿಟ್ಟು ಕೆಂಪು ಗುಂಡಿ ಒತ್ತಿದೆ. ಒಂದು ಬದಿ ಪೂರ್ತಿ ಅವ್ವ ಹಾಡಿದಳು. ಆಮೇಲೆ ತನ್ನ ದನಿಯನ್ನು ತಾನೇ ಕೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಇನ್ನು ಹೇಳಬೇಕಾದುದನ್ನು ಇಷ್ಟು ವರ್ಷ ನಾನು ಮನೆಯವರಿಗೂ ನೆಟ್ಟಗೆ ಹೇಳಿರಲಿಲ್ಲ. 1987ರ ಒಂದು ರಾತ್ರಿ ರೇಡಿಯೊದಲ್ಲಿ ಮಲ್ಲಿಕಾರ್ಜುನ ಮನಸೂರರ ಗಾಯನವಿದೆಯೆಂದು ಪ್ರಕಟಣೆಯಾಯಿತು. ಅದನ್ನು ಹಿಡಿದಿಡಬೇಕೆಂಬ ಆಸೆ. ಕೋಣೆಯಲ್ಲಿ ಖಾಲಿ ಕ್ಯಾಸೆಟ್ಟಿಲ್ಲ. ಅವಸರದಲ್ಲಿ ಕೈಗೆ ಸಿಕ್ಕ, ಹೆಸರು ಬರೆಯದ ಒಂದು ಕ್ಯಾಸೆಟ್ಟನ್ನು ಹಾಕಿ ಕೆಂಪು ಗುಂಡಿ ಒತ್ತಿದೆ. ಧ್ವನಿ ಹಿಡಿಯುವ ಹೆಡ್ಡಿನ ಮುಂದೆ, ಹಳೆಯದನ್ನು ಅಳಿಸುವ ಇನ್ನೊಂದು ಹೆಡ್ಡು ಇರುತ್ತದೆ. ಹೊಸದು ಬರುವ ಕ್ಷಣಕ್ಕೆ ಮೊದಲೇ ಅದು ಹಳೆಯದನ್ನು ಒರೆಸಿರುತ್ತದೆ. ಮರುದಿನ ತಿಳಿಯಿತು: ಅಳಿಸಿ ಹೋದದ್ದು ಅವ್ವನ ಬದಿ.

ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಗಳಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಹಲ್ಲುಗಳಿರುತ್ತವೆ. ಅದನ್ನು ಉಗುರಿನಿಂದ ಮುರಿದುಬಿಟ್ಟರೆ ಕೆಂಪು ಗುಂಡಿ ಕೆಳಗಿಳಿಯುವುದೇ ಇಲ್ಲ, ಯಾರೂ ಆ ಬದಿಯನ್ನು ಅಳಿಸಲಾರರು. ವಿಜ್ಞಾನದ ಮಾಸ್ತರನಾದ ನನಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮುರಿದಿರಲಿಲ್ಲ.

ಅವ್ವನಿಗೆ ಹೇಳಿದಾಗ, "ಹೋಗಲಿ ಬಿಡೋ ತಮ್ಮಾ, ನಾ ಇಲ್ಲೇ ಇದ್ದೇನಲ್ಲ, ಮತ್ತ ಹಾಡತೇನು" ಎಂದಳು. ಆದರೆ ಆ ವೇಳೆಗೆ ಊರಿಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತ್ತು. ಮುಂದಿನ ರಜೆಯಲ್ಲಿ ಯಂತ್ರ ಹಿಡಿದುಕೊಂಡು ಕುಳಿತರೆ ಅವ್ವ ನಾಲ್ಕು ಸಾಲು ಹೇಳಿ ನಿಲ್ಲಿಸಿದಳು. "ಕಲ್ಲ ಇಲ್ಲದ ಪದ ಹ್ಯಾಂಗ ಬರತಾವೋ?" ಎಂದಳು. ಬಲವಂತ ಮಾಡಲಿಲ್ಲ, ಮುಂದೆ ನೋಡೋಣವೆಂದೆ. ವರ್ಷಗಳು ಕಳೆದವು. 1996ರಲ್ಲಿ ಅವ್ವ ತೀರಿಕೊಂಡಳು.

ಇನ್ನು ಕಿಸೆಯಲ್ಲಿ ಇಟ್ಟುಕೊಳ್ಳುವ ಹಾಡಿನ ಯಂತ್ರಗಳ ವಿಚಾರ. ಸೋನಿ ಸಂಸ್ಥೆಯ ವಾಕ್‌ಮನ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1979ರ ಜುಲೈ 1ರಂದು. ಪತ್ರಕರ್ತರ ಉಪಯೋಗಕ್ಕೆಂದು ಅವರೇ ಮಾಡಿದ್ದ ಪ್ರೆಸ್‌ಮನ್ ಎಂಬ ಪುಟ್ಟ ಟೇಪ್‌ರೆಕಾರ್ಡರಿನಿಂದ ಧ್ವನಿ ಹಿಡಿಯುವ ಭಾಗವನ್ನು ತೆಗೆದುಹಾಕಿ, ಸ್ಟೀರಿಯೊ ನುಡಿಸುವ ಭಾಗವನ್ನು ಸೇರಿಸಿ ಅದನ್ನು ಸಿದ್ಧಪಡಿಸಿದ್ದರು. ಕೇಳಿಸುವುದಷ್ಟೇ ಅದರ ಕೆಲಸ, ಕೇಳುವುದಲ್ಲ. ಒಬ್ಬರೇ ಕೇಳುವುದು ಸೌಜನ್ಯವಲ್ಲವೆಂದು ಮೊದಲ ವಾಕ್‌ಮನ್ನಿಗೆ ಇಬ್ಬರು ಕಿವಿಗೆ ಹಾಕಿಕೊಳ್ಳಲು ಎರಡು ತೂತುಗಳನ್ನಿಟ್ಟಿದ್ದರು. ಮುಂದೆ ಒಂದೇ ಸಾಕೆಂದಾಯಿತು. ಇಪ್ಪತ್ತೆರಡು ವರ್ಷಗಳ ನಂತರ, 2001ರ ಅಕ್ಟೋಬರಿನಲ್ಲಿ ಆ್ಯಪಲ್ ಸಂಸ್ಥೆಯ ಐಪಾಡ್ ಬಂತು. 5 ಜಿಬಿಯ ತಟ್ಟೆಯಲ್ಲಿ ಸಾವಿರ ಹಾಡು. ಸಾವಿರ ಹಾಡು ಹಿಡಿಯುವ ಆ ಪೆಟ್ಟಿಗೆ, ಎದುರಿಗೆ ಕುಳಿತವರ ಒಂದು ಹಾಡನ್ನು ಹಿಡಿಯಲಾರದು. ಐಪಾಡಿನ ಕಾಲವೂ 2022ರಲ್ಲಿ ಮುಗಿಯಿತು; ಮೊಬೈಲೇ ಅದನ್ನು ನುಂಗಿತು.

ಮೊಬೈಲು ನಮ್ಮ ಸೀಮೆಯಲ್ಲಿ ಎಲ್ಲರ ಕೈಗೆ ಬಂದದ್ದು 2003ರಲ್ಲಿ ಒಳಬರುವ ಕರೆಗಳಿಗೆ ಹಣ ಕೊಡುವುದು ತಪ್ಪಿದ ಮೇಲೆ. ಕೆಲವೇ ವರ್ಷಗಳಲ್ಲಿ ಉಗುರಿನಷ್ಟು ಗಾತ್ರದ ಮೆಮೊರಿ ಕಾರ್ಡು ಬಂತು. ಗೋಕಾಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಸಣ್ಣ ಅಂಗಡಿಗಳವರು ಹಣ ತೆಗೆದುಕೊಂಡು ಕಾರ್ಡಿನ ತುಂಬ ಹಾಡು ತುಂಬಿಕೊಡುತ್ತಿದ್ದರು. ಹಾಡಿನ ಯಂತ್ರ ಕೊಳ್ಳುವ ಶಕ್ತಿಯಿಲ್ಲದ ಹುಡುಗರೂ ಹೊಲದ ಬದುವಿನ ಮೇಲೆ ಕುಳಿತು ಪಾರಿಜಾತದ ಪದಗಳಿಂದ ಹಿಡಿದು ಹಿಂದಿ ಸಿನಿಮಾದವರೆಗೆ ಕೇಳತೊಡಗಿದರು. ನಾದದ ಮಾಧುರ್ಯದಲ್ಲಿ ಐಪಾಡು ಮೇಲಾಗಿದ್ದೀತು. ಆದರೆ ಮೊಬೈಲಿಗೆ ಸ್ಪೀಕರಿತ್ತು, ನಾಲ್ಕು ಜನ ಕೂಡಿ ಕೇಳಬಹುದಾಗಿತ್ತು. ವಾಕ್‌ಮನ್ನು ಕಳಚಿ ಎಸೆದಿದ್ದ ಕೆಂಪು ಗುಂಡಿಯೂ ಅದರಲ್ಲಿ ಮರಳಿ ಬಂದಿತ್ತು.

ಅದನ್ನು ಕಂಡಾಗ ನನಗೆ ಅಕ್ಕನ ನೆನಪಾಯಿತು. ಹುಕ್ಕೇರಿ ಕಡೆಯ ಹಳ್ಳಿಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಅವ್ವನ ಕೆಲವು ಹಾಡುಗಳು ಬರುತ್ತಿದ್ದವು. 2008ರಲ್ಲಿ ಹೋಗಿ, ಕಟ್ಟೆಯ ಮೇಲೆ ಕೂಡಿಸಿ, ಮೊಬೈಲಿನಲ್ಲಿ ಹನ್ನೊಂದು ಹಾಡು ಹಿಡಿದೆ. ಮನೆಗೆ ಬಂದು ಕೇಳಿದರೆ ಅಕ್ಕನ ದನಿ ಡಬ್ಬಿಯೊಳಗಿಂದ ಬಂದಂತಿತ್ತು. ಕಾರಣ ಇಷ್ಟು. ಅಂದಿನ ಬಹಳಷ್ಟು ಮೊಬೈಲುಗಳು ಧ್ವನಿಯನ್ನು ಎಎಂಆರ್ ಎಂಬ ಪದ್ಧತಿಯಲ್ಲಿ ಬರೆದಿಡುತ್ತಿದ್ದವು. ಅದು ಫೋನಿನ ಮಾತಿಗಾಗಿ ರೂಪುಗೊಂಡದ್ದು. ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತದೆ. ಸಿ.ಡಿ.ಯಲ್ಲಾದರೆ ಅದೇ ಅಳತೆ 44,100 ಸಲ. ಮಾತು ತಿಳಿದರೆ ಸಾಕೆಂದು ಎಎಂಆರ್ ದನಿಯ ಮೇಲಿನ ಹೊಳಪನ್ನೆಲ್ಲ ಕತ್ತರಿಸಿ ಬಿಸಾಡುತ್ತದೆ. ಹೀಗಾಗಿ ನಿಮಿಷಕ್ಕೆ ನೂರು ಕಿಲೋಬೈಟಿಗಿಂತ ಕಡಿಮೆ ಜಾಗ ಸಾಕು. ಅಂಗಡಿಯ ಎಂಪಿ3 ಹಾಡಿಗಾದರೋ ನಿಮಿಷಕ್ಕೆ ಸುಮಾರು ಒಂದು ಮೆಗಾಬೈಟು ಬೇಕು. ದನಿ ಹೇಗೇ ಇರಲಿ, ಹಾಡಿನ ಮಾತು ಉಳಿಯಿತು, ಧಾಟಿಯೂ ಉಳಿಯಿತು. ಹಲಸಂಗಿಯ ಗೆಳೆಯರು ಊರೂರಿನ ಹೆಣ್ಣುಮಕ್ಕಳಿಂದ ಹಾಡು ಸಂಗ್ರಹಿಸಿ 'ಗರತಿಯ ಹಾಡು' ಪ್ರಕಟಿಸಿದ ಕಾಲದಲ್ಲಿ ಅವರ ಕೈಯಲ್ಲಿದ್ದುದು ಲೇಖನಿ ಮಾತ್ರ. ನಮ್ಮ ಕಿಸೆಯಲ್ಲಿ ಅದಕ್ಕಿಂತ ದೊಡ್ಡ ಸಾಧನವಿದ್ದೂ ನಾವು ಅದರಲ್ಲಿ ಹಾಡು ತುಂಬಿಸಿಕೊಳ್ಳುತ್ತಾ ಕುಳಿತಿದ್ದೇವೆ.

ಈಗ ಆ ಮೂಡಲಗಿಯ ಹುಡುಗನ ಪ್ರಶ್ನೆಗೆ ಬರುತ್ತೇನೆ. (ಹುಡುಗನೆಂದರೂ ಅವನಿಗೂ ತಲೆ ನರೆತಿದೆ!) ಅಪ್ಪಾ, ಕೇಳುವುದಷ್ಟೇ ಉದ್ದೇಶವಾದರೆ ನಿನ್ನ ಅವ್ವನಿಗೆ ಹಾಡಿನ ಪೆಟ್ಟಿಗೆಯೇ ಒಳ್ಳೆಯದು. 2017ರಲ್ಲಿ ಸರೆಗಮ ಸಂಸ್ಥೆ ಕಾರವಾನ್ ಎಂಬ ಪೆಟ್ಟಿಗೆಯನ್ನು ಹಳೆಯ ರೇಡಿಯೊದ ರೂಪದಲ್ಲಿ, 5000 ಹಾಡು ತುಂಬಿ ಹೊರತಂದಿತು. ಅಂಥವು ಈಗ ಹಲವು ಬಗೆಯವಿವೆ. ವಯಸ್ಸಾದವರಿಗೆ ತಿರುಗಿಸುವ ದೊಡ್ಡ ಗುಂಡಿ ಬೇಕು, ಗಾಜಿನ ಮೇಲೆ ಬೆರಳಾಡಿಸುವುದು ಒಗ್ಗದು. ಒಣಗಿದ ಬೆರಳ ತುದಿಯನ್ನು ಆ ಗಾಜು ಎಷ್ಟೋ ಸಲ ಗುರುತಿಸುವುದೇ ಇಲ್ಲ. ಹಾಡಿನ ನಡುವೆ ಕರೆ ಬಂದು ಗಾಬರಿಪಡಿಸುವುದೂ ಇಲ್ಲ, ಇಂಟರ್‌ನೆಟ್ಟಿನ ಹಂಗೂ ಇಲ್ಲ.

ಆದರೆ ಪೆಟ್ಟಿಗೆ ಕೊಡುವ ಮೊದಲು, ನಿನ್ನ ಕಿಸೆಯಲ್ಲಿರುವ ಮೊಬೈಲನ್ನು ಅವಳ ಮುಂದಿಟ್ಟು ಕೆಂಪು ಗುಂಡಿ ಒತ್ತು. ಈಗಿನ ಮೊಬೈಲು ನನ್ನ 2008ರ ಮೊಬೈಲಿಗಿಂತ ಎಷ್ಟೋ ಚೆನ್ನಾಗಿ ದನಿ ಹಿಡಿಯುತ್ತದೆ. ಫ್ಯಾನು, ಟಿ.ವಿ. ಬಂದ್ ಮಾಡು. ಫೋನನ್ನು ಮಡಿಸಿದ ಟವೆಲಿನ ಮೇಲೆ ಒಂದು ಮೊಳ ದೂರದಲ್ಲಿಡು. ಮೊದಲು ಹೆಸರು, ಊರು, ತಾರೀಖು ಹೇಳಿಸು; ಹೆಸರಿಲ್ಲದ ಕ್ಯಾಸೆಟ್ಟು ಏನಾಯಿತೆಂಬುದನ್ನು ಈಗ ಓದಿದೆಯಲ್ಲ. ಮುಗಿದ ಮೇಲೆ ಎರಡು ಕಡೆ ನಕಲು ಮಾಡಿಡು, ಒಂದು ನಿನ್ನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ತಂಗಿಯಲ್ಲಿ. ಹಾಡು ಬರದಿದ್ದರೆ ಬೇಡ, ಜೋಳದ ರೊಟ್ಟಿಗೆ ಹಿಟ್ಟು ಹೇಗೆ ನಾದಬೇಕೆಂದು ಕೇಳಿದರೂ ಸಾಕು. ನಿಮಗೆಲ್ಲರಿಗೂ ನಾನು ಕೊಡುವ ಗೃಹಪಾಠ ಇದೇ.

ಕೊನೆಗೊಂದು ಮಾತು. 2011ರಲ್ಲಿ ಮಗ ನನ್ನ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ. ಮನಸೂರರ ಗಾಯನ ಮುಗಿದು ಉದ್ಘೋಷಕರ ದನಿ ಬಂದೊಡನೆ ನಾನು ಯಾವಾಗಲೂ ಯಂತ್ರ ನಿಲ್ಲಿಸಿಬಿಡುತ್ತಿದ್ದೆ. ಅವನು ಟೇಪು ಕೊನೆ ಮುಟ್ಟುವವರೆಗೆ ಬಿಟ್ಟಿದ್ದ. ಆ ರಾತ್ರಿ ಕಾರ್ಯಕ್ರಮ ಬದಿಗಿಂತ ಅರ್ಧ ನಿಮಿಷ ಮೊದಲೇ ಮುಗಿದಿತ್ತು, ನಾನು ಗುಂಡಿ ಎತ್ತಿದ್ದೆ. ಅಲ್ಲಿಂದಾಚೆಗೆ ಒಂದು 'ಟಕ್' ಶಬ್ದ, ಅನಂತರ ಬೀಸುವ ಕಲ್ಲು ತಿರುಗಿ ನಿಲ್ಲುವ ಸಪ್ಪಳ. ಹಾಡಿಲ್ಲ. ಅವ್ವನ ದನಿ ಮಾತ್ರ: "ಆತೇನೋ ತಮ್ಮಾ? ಸೆಲ್ಲ ಸುಮ್ಮನ ಖಾಲಿ ಆಗತಾವ, ಬಂದ್ ಮಾಡು."

ಮನಸೂರರ ಗಾಯನ ಇಂದು ಕೇಳಬೇಕೆಂದವರಿಗೆಲ್ಲ ಸಿಗುತ್ತದೆ. ಈ ಅರ್ಧ ನಿಮಿಷ ನನ್ನ ಮೊಬೈಲಿನಲ್ಲಿದೆ, ಮಗನಲ್ಲಿದೆ, ಅಕ್ಕನ ಮಗಳಲ್ಲಿಯೂ ಇದೆ. ಆ ಕ್ಯಾಸೆಟ್ಟಿನ ಹಲ್ಲನ್ನು ಅಂದೇ ಮುರಿದೆ.