ಹಾಮಿದ್ ಒಳ್ಳೆಯ ಹುಡುಗನೇ?

ಪ್ರೇಮಚಂದರ 'ಈದ್‌ಗಾಹ್' ಕಥೆ ಮೊದಲು ಅಚ್ಚಾದದ್ದು 1933ರಲ್ಲಿ. ತಂದೆ ತಾಯಿಯಿಲ್ಲದ ಪುಟ್ಟ ಹಾಮಿದ್ ಮೂರು ಪೈಸೆ ಹಿಡಿದು ಈದ್ ಜಾತ್ರೆಗೆ ಹೋಗುತ್ತಾನೆ. ಆಟಿಕೆ, ಮಿಠಾಯಿ ಬಿಟ್ಟು, ರೊಟ್ಟಿ ಸುಡುವಾಗ ಬೆರಳು ಸುಟ್ಟುಕೊಳ್ಳುವ ಅಜ್ಜಿ ಅಮೀನಾಳಿಗೆ ಇಕ್ಕಳ ತರುತ್ತಾನೆ. ಈ ಕಥೆಯನ್ನು ನಾನು ಉರ್ದುವಿನಲ್ಲಿ ಓದಿದೆ. ಪುಣ್ಯಕೋಟಿಯ ಕಥೆಯನ್ನು ಕನ್ನಡದಲ್ಲಿ ಕಲಿತೆ. ಎರಡೂ ಕಡೆ ಕೊನೆಗೆ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ಈ ಕಥೆಯ ನೀತಿಯೇನು?

ಈಗ ಭಾನುವಾರಗಳಂದು ನಮ್ಮ ಮೊಹಲ್ಲಾದ ಮಕ್ಕಳೊಂದಿಗೆ ಕಥೆ ಓದುತ್ತೇನೆ. ಹಾಮಿದ್ ಎಂಥವನು ಎಂದು ಕೇಳಿದರೆ 'ಒಳ್ಳೆಯ ಹುಡುಗ' ಎಂಬ ಒಕ್ಕೊರಲಿನ ಉತ್ತರ ಬರುತ್ತದೆ. "ಕಥೆಯಲ್ಲಿ ಎಲ್ಲಿದೆ, ತೋರಿಸಿ" ಎನ್ನುತ್ತೇನೆ. ಪುಟ ತಿರುವಿದರೆ ಬೇರೆಯೇ ಹುಡುಗ ಸಿಗುತ್ತಾನೆ. ಮೊಹಸಿನ್ ರೇವಡಿ ಕೊಡುವಂತೆ ಮಾಡುತ್ತಾನೆ. ಹಾಮಿದ್ ಕೈಯೊಡ್ಡಿದಾಗ ತನ್ನ ಬಾಯಿಗೇ ಹಾಕಿಕೊಳ್ಳುತ್ತಾನೆ, ಉಳಿದವರು ನಗುತ್ತಾರೆ. ಆಮೇಲೆ ಹಾಮಿದ್ ಮಿಠಾಯಿಯನ್ನೇ ಹಳಿಯುತ್ತಾನೆ. ಅವನಿಗೆ ಮಿಠಾಯಿ ನಿಜವಾಗಿ ಬೇಡವಾಗಿತ್ತೇ?

"ಬೇಕಿತ್ತು ಚಾಚಾ. ಇಲ್ಲಾಂದ್ರೆ ಕೈ ಯಾಕೆ ಚಾಚ್ತಿದ್ದ?" ಎಂದ ಒಬ್ಬ ಪೋರ.

ಸಾಹಿತ್ಯ ವಿಮರ್ಶೆ ಇಲ್ಲಿಂದಲೇ ಶುರುವಾಗುತ್ತದೆ. ಇಕ್ಕಳ ಕೊಂಡ ಮೇಲೂ ಹಾಮಿದ್ ಸುಮ್ಮನಿರುವುದಿಲ್ಲ. ಗೆಳೆಯರ ಆಟಿಕೆಗಳಿಗಿಂತ ತನ್ನದೇ ಮೇಲೆಂದು ವಾದಿಸಿ ಗೆಲ್ಲುತ್ತಾನೆ. ಆಸೆ, ಅವಮಾನ, ಜಂಬ ಎಲ್ಲವೂ ಅವನಲ್ಲಿವೆ. ಆಸೆಯೇ ಇಲ್ಲದವನು ಮಿಠಾಯಿ ಬಿಟ್ಟರೆ ಅದರಲ್ಲಿ ದೊಡ್ಡದೇನಿದೆ?

ಇಕ್ಕಳ ಕಂಡು ಮೊದಲು ಗದರಿದ ಅಮೀನಾ ಕೊನೆಗೆ ಅಳುವುದೇಕೆ? "ಖುಷಿಗೆ" ಎಂದರು ಹಲವರು. ಮನೆಯಲ್ಲಿ ತಮ್ಮಂದಿರನ್ನು ನೋಡಿಕೊಳ್ಳುವ ಹುಡುಗಿಯೊಬ್ಬಳು ತಡೆದು ಹೇಳಿದಳು: "ಜಾತ್ರೇಲೂ ಅವನಿಗೆ ಮನೆ ಕಷ್ಟ ಮರೆಯೋಕಾಗ್ಲಿಲ್ವಲ್ಲ ಅಂತ." ಆ ಮಾತಿಗೆ ನಾನು ಸೇರಿಸುವಂಥದ್ದು ಏನೂ ಇರಲಿಲ್ಲ.

ಪುಣ್ಯಕೋಟಿಯ ಹುಲಿಯ ಬಗ್ಗೆಯೂ ಹೀಗೇ ಕೇಳಬಹುದು. ಹಸಿದದ್ದು ಅದರ ತಪ್ಪೇ? ಹಸುವನ್ನು ಕಳಿಸಿಕೊಟ್ಟ ಗಳಿಗೆಯಿಂದ ಅದು ಮರಳಿ ಬರುವವರೆಗೆ ಹುಲಿಯ ಮನಸ್ಸಿನಲ್ಲಿ ಏನು ನಡೆದಿರಬೇಕು? ಇದಕ್ಕೆ ದೊಡ್ಡ ತರಬೇತಿ ಬೇಡ. ಈ ಪಾತ್ರಕ್ಕೆ ಏನು ಬೇಕಿತ್ತು, ಬಾಯಲ್ಲಿ ಹೇಳಿದ್ದೇನು, ಒಳಗೆ ಮುಚ್ಚಿಟ್ಟದ್ದೇನು, ಹಾಗೆನ್ನಲು ಕಥೆಯಲ್ಲಿ ಆಧಾರವೇನು – ಇಷ್ಟು ಕೇಳಿ, ಉತ್ತರಕ್ಕೆ ಕಾಯುವ ತಾಳ್ಮೆ ಇದ್ದರೆ ಸಾಕು.

ಮುಸಲ್ಮಾನರ ಮನೆಯ ಒಳಗನ್ನು ಮೊದಲ ಸಲ ಈ ಕಥೆಯಲ್ಲೇ ಕಾಣುವ ಮಕ್ಕಳೂ ಇದ್ದಾರೆ. ಅವರ ಮುಂದೆ ಹಾಮಿದನನ್ನು ದೇವತೆಯಾಗಿ ನಿಲ್ಲಿಸಿದರೆ, ನಾಳೆ ಅವರು ಪಕ್ಕದ ಬೆಂಚಿನ ಹುಡುಗನಲ್ಲೂ ದೇವತೆಯನ್ನೇ ಹುಡುಕುತ್ತಾರೆ. ಸಿಗದಿದ್ದರೆ ಕೆಟ್ಟವನೆಂದು ತೀರ್ಮಾನಿಸುತ್ತಾರೆ. ನಮ್ಮ ಮಕ್ಕಳು ಇತರರನ್ನು ನೋಡುವಾಗಲೂ ಹೀಗೆಯೇ. ಕೈಚಾಚಿ ನಗೆಪಾಟಲಾದ ಹಾಮಿದ್ ಯಾವ ಮನೆಯಲ್ಲೂ ಇರಬಹುದು ಎಂದು ಒಂದು ಮಗುವಿಗೆ ಹೊಳೆದರೆ, ಆ ಭಾನುವಾರ ನನ್ನ ಮಟ್ಟಿಗೆ ಸಾರ್ಥಕ.