ಬುಧವಾರ ಸಂಜೆಗೊಂದು ಕೆಂಪು ಕೋಳಿಸಾರು



ಪಾಪ್ರಿಕಾ ಪುಡಿ ತಂದಿಟ್ಟು ಏನು ಮಾಡುವುದೆಂದು ತೋಚುತ್ತಿಲ್ಲ, ಆಫೀಸಿನಿಂದ ಬಂದಮೇಲೆ ಸಿಂಕ್ ತುಂಬ ಪಾತ್ರೆ ಬೀಳುವ ಅಡುಗೆ ಮಾತ್ರ ಹೇಳಬೇಡಿ ಅಂತ ಬರೆದಿದ್ದೀರಿ. ಹಾಗಾದರೆ ಹಂಗೆರಿಯವರ ಪಾಪ್ರಿಕಾಶ್ ಚಿರ್ಕೆ ನಿಮಗೆ ಹೇಳಿ ಮಾಡಿಸಿದ್ದು. ಅಲ್ಲಿನ ಮನೆಮನೆಯ ಕೋಳಿಸಾರು ಅದು. ದಪ್ಪ ತಳದ ಒಂದು ಅಗಲ ಬಾಣಲೆ, ಅದಕ್ಕೊಂದು ಮುಚ್ಚಳ, ಹೆಚ್ಚೂಕಡಿಮೆ ಒಂದು ಗಂಟೆ ಸಾಕು. ಅದರಲ್ಲೂ ಕೊನೆಯ ಅರ್ಧ ಗಂಟೆ ಅದರ ಪಾಡಿಗೆ ಅದು ಬೇಯುತ್ತದೆ, ನೀವು ಸ್ನಾನ ಮುಗಿಸಿ ಬರಬಹುದು.

ಇಬ್ಬರಿಗೆ ಮೂಳೆಯಿರುವ ನಾಲ್ಕು ತೊಡೆ ತುಂಡು ತನ್ನಿ. ಮೊದಲೇ ಹೇಳದಿದ್ದರೆ ಕೋಳಿ ಅಂಗಡಿಯವರು ಚರ್ಮ ಸುಲಿದೇ ಕೊಡುತ್ತಾರೆ, ಆದ್ದರಿಂದ 'ವಿತ್ ಸ್ಕಿನ್' ಅಂತ ಹೇಳಿ. ನೀರು ಒರೆಸಿ, ಉಪ್ಪು ಸವರಿ, ಒಂದು ಚಮಚ ಎಣ್ಣೆಯಲ್ಲಿ ಚರ್ಮದ ಕಡೆ ಕೆಳಗೆ ಮಾಡಿ ಇಡಿ. ಆರೇಳು ನಿಮಿಷ ಕೆದಕಬೇಡಿ. ಚರ್ಮ ಕೆಂಪಗಾದಾಗ ತಾನೇ ತಳ ಬಿಡುತ್ತದೆ. ತುಂಡುಗಳನ್ನು ತೆಗೆದು, ಬಿಟ್ಟ ಕೊಬ್ಬಿನಲ್ಲೇ ಸಣ್ಣಗೆ ಹೆಚ್ಚಿದ ಎರಡು ದೊಡ್ಡ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ.

ಇನ್ನು ಮುಖ್ಯವಾದ ಮಾತು. ಒಲೆ ಆರಿಸಿ. ಬಾಣಲೆಯನ್ನು ಪಕ್ಕಕ್ಕಿಳಿಸಿ, ಆಮೇಲೆ ಎರಡು ದೊಡ್ಡ ಚಮಚ ಪಾಪ್ರಿಕಾ ಹಾಕಿ. ನಾವು ಒಗ್ಗರಣೆಗೆ ಖಾರದಪುಡಿ ಹಾಕುವಾಗ ಉರಿ ಆರಿಸುತ್ತೇವಲ್ಲ, ಹಾಗೇ. ಈ ಪುಡಿಯಲ್ಲಿ ಸಕ್ಕರೆ ಅಂಶ ಜಾಸ್ತಿ, ಬಿಸಿ ಬಾಣಲೆಗೆ ಬಿದ್ದರೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಆದರೆ ಅದರ ಬಣ್ಣ ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ಹಾಗಾಗಿ ಎಣ್ಣೆ ಬೇಕು, ಉರಿ ಬೇಡ. ಅರ್ಧ ನಿಮಿಷ ಕೈಯಾಡಿಸಿ. ಈರುಳ್ಳಿಯ ಸುತ್ತ ಎಣ್ಣೆ ಕೆಂಪಗೆ ಮಿನುಗಿದ ಕೂಡಲೇ ಹೆಚ್ಚಿದ ಟೊಮೆಟೊ, ದಪ್ಪ ಮೆಣಸಿನಕಾಯಿ ಒಂದೊಂದು ಹಾಕಿ ಒಂದು ಲೋಟ ನೀರು ಸುರಿಯಿರಿ. ಕೋಳಿ ಮತ್ತೆ ಒಳಗೆ, ಮೇಲೆ ಮುಚ್ಚಳ, ಸಣ್ಣ ಉರಿ.

ಹಂಗೆರಿಯವರು ಇದಕ್ಕೆ ನೊಕೆಡ್ಲಿ ಎಂಬ ಪುಟ್ಟ ಹಿಟ್ಟಿನ ಕಡುಬು ಬೇಯಿಸಿಕೊಳ್ಳುತ್ತಾರೆ. ಅದಕ್ಕೆ ಇನ್ನೊಂದು ಪಾತ್ರೆ ಬೇಕು. ನಿಮ್ಮ ಷರತ್ತು ನೆನಪಿದೆ, ಆದ್ದರಿಂದ ಎರಡು ಆಲೂಗಡ್ಡೆ ಹೆಚ್ಚಿ ಇದೇ ಬಾಣಲೆಗೆ ಹಾಕಿಬಿಡಿ. ಕೊನೆಗೆ ಅವರು ಹಾಕುವುದು ಹುಳಿ ಕ್ರೀಮ್. ಅದು ಸಿಗದಿದ್ದರೆ ಅರ್ಧ ಬಟ್ಟಲು ಗಟ್ಟಿ ಮೊಸರಿಗೆ ಒಂದು ಚಮಚ ಮೈದಾ ಕಲಸಿ, ಸ್ವಲ್ಪ ಬಿಸಿ ಸಾರು ಬೆರೆಸಿ ಹದ ಮಾಡಿ ಸೇರಿಸಿ. ಮತ್ತೆರಡು ನಿಮಿಷ ಸಣ್ಣ ಉರಿಯಲ್ಲಿಡಿ. ಮೈದಾ ಇದ್ದರೆ ಮೊಸರು ಒಡೆಯುವುದಿಲ್ಲ.

ಸಾರು ಕುದಿಯುವ ಹೊತ್ತಿಗೆ ಒಂದು ಕಥೆ ಹೇಳುತ್ತೇನೆ. ಪಾಪ್ರಿಕಾಗೆ ಹೆಸರಾದ ಸೆಗೆಡ್ ಊರಿನಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿ ಇದ್ದರು. ಒಂದು ರಾತ್ರಿ ಊಟಕ್ಕೆ ಹೆಂಡತಿ ಬಡಿಸಿದ ಹಸಿ ಪಾಪ್ರಿಕಾ ಮೆಣಸಿನಕಾಯಿ ತಿನ್ನಲು ಮನಸ್ಸಾಗದೆ, ಪರೀಕ್ಷೆ ಮಾಡುತ್ತೇನೆಂದು ಲ್ಯಾಬಿಗೆ ಒಯ್ದರಂತೆ. ಅವರೇ ಹೇಳಿಕೊಂಡದ್ದಿದು. ಅದರಲ್ಲಿ ಸಿ ವಿಟಮಿನ್ ತುಂಬಿತ್ತು. 1937ರಲ್ಲಿ ಅವರಿಗೆ ನೊಬೆಲ್ ಬಂತು.

ಪಾಪ್ರಿಕಾ ಮುಗಿದರೆ ಚಿಂತೆ ಬೇಡ. 2011ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ಬ್ಯಾಡಗಿಯೂ ಬಣ್ಣಕ್ಕೇ ಹೆಸರುವಾಸಿ. ಖಾರ ಸ್ವಲ್ಪ ಜಾಸ್ತಿ, ಆದ್ದರಿಂದ ಬೀಜ ತೆಗೆದು ಪುಡಿ ಮಾಡಿ, ಅರ್ಧದಷ್ಟೇ ಹಾಕಿ. ಉರಿಯ ನಿಯಮ ಅದಕ್ಕೂ ಅದೇ.

ಪಾಪ್ರಿಕಾ ಡಬ್ಬಿಯನ್ನು ಒಲೆಯ ಪಕ್ಕ, ಬೆಳಕಿನಲ್ಲಿ ಇಡಬೇಡಿ. ಬಣ್ಣ ಕಂದಾಗಿ ಘಮ ಹೋಗುತ್ತದೆ. ವಾರಕ್ಕೊಮ್ಮೆ ಈ ಸಾರು ಮಾಡಿದರೆ ಅಷ್ಟು ದಿನ ಅದು ಉಳಿಯುವುದೂ ಇಲ್ಲ ಬಿಡಿ.